ಎರಡೂ ಕಾಲು ನೆಲಕ್ಕೆ

ರಸ್ತೆ ದಾಟುವಾಗ ತಮಗೆ ತಾವೇ ಜೋರಾಗಿ ಸಿಗ್ನಲ್ ಕೊಟ್ಟುಕೊಳ್ಳುತ್ತಿದ್ದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದರು. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, ನಮ್ಮ ತಿರುವಿನಲ್ಲಿ ನಿಂತು ಎಡಕ್ಕೆ ನೋಡಿ "ಎಡಕ ಖಾಲಿ" ಎನ್ನುತ್ತಿದ್ದರು. ಬಲಕ್ಕೆ ನೋಡಿ "ಬಲಕ ಆಟೋ ಬರಾಕತ್ತೈತಿ" ಎನ್ನುತ್ತಿದ್ದರು. ಆಟೋ ಹೋದ ಮೇಲೆ "ಹಾದಿ ಖುಲ್ಲಾ" ಎಂದು ಸಾರಿ, ಬಲಗೈ ಮುಂದೆ ಚಾಚಿ, ನಿಧಾನವಾಗಿ ದಾಟುತ್ತಿದ್ದರು. ಹೊಸಬರು ಇವರಿಗೇನೋ ತಲೆ ಕೆಟ್ಟಿದೆ ಎಂಬಂತೆ ತಿರುಗಿ ನೋಡುವರು. ಅವರು ರೈಲು ಚಾಲಕರಾಗಿದ್ದವರು. ಇಂಜಿನ್ನಿನಲ್ಲಿ ಚಾಲಕ, ಸಹಾಯಕ ಇಬ್ಬರೂ ಕಂಡ ಸಿಗ್ನಲ್ಲನ್ನು ಬಾಯಿಬಿಟ್ಟು ಹೇಳಲೇಬೇಕಂತೆ. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಹಿಡಿಯಲಿ ಎಂದು. ನಿವೃತ್ತರಾದ ಮೇಲೆ ಸಹಾಯಕನಿರಲಿಲ್ಲ, ಅಭ್ಯಾಸ ಮಾತ್ರ ಉಳಿದಿತ್ತು.

ನಾನು ಇಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆ. ಸಾಮಾನು ತಂದ ಟೆಂಪೋದಿಂದ ಎಲ್ಲಕ್ಕಿಂತ ಮೊದಲು ಇಳಿದದ್ದು ನನ್ನ ಸೈಕಲ್ಲು. ಅವರು ಗೇಟಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.

"ಅಕ್ಕಾರ, ಇದನ್ನ ನೀವ ಹೊಡೀತೀರೇನು?"

ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. "ಹೌದ್ರಿ ಕಾಕಾ, ಸಾಲಿಗೆ ಇದರ ಮ್ಯಾಲೇ ಹೋಗ್ತೇನಿ" ಎಂದೆ.

"ನನಗ ಬರೂದಿಲ್ಲ ನೋಡ್ರಿ."

ತಮಾಷೆ ಎಂದುಕೊಂಡೆ. ಅಷ್ಟುದ್ದದ ಗೂಡ್ಸ್ ಗಾಡಿಯನ್ನು ಲೋಂಡಾ ದಾಟಿಸಿ, ಕ್ಯಾಸಲ್‌ರಾಕ್‌ನ ಘಟ್ಟ ಇಳಿಸಿಕೊಂಡು ಹೋಗುತ್ತಿದ್ದ ಮನುಷ್ಯನಿಗೆ ಸೈಕಲ್ಲು ಬಾರದೆಂದರೆ ಯಾರು ನಂಬುತ್ತಾರೆ? ಆದರೆ ಅದು ನಿಜವಾಗಿತ್ತು. ಅವರ ಊರು ಉಪ್ಪಿನಬೆಟಗೇರಿ. ಚಿಕ್ಕವರಿದ್ದಾಗ ಅವರಣ್ಣ ಅಪ್ಪನ ಎತ್ತರದ ಸೈಕಲ್ಲಿನ ಮೇಲೆ ತಮ್ಮನನ್ನು ಎತ್ತಿ ಕೂಡಿಸಿ, ಕೆರೆಯ ಇಳಿಜಾರಿನಲ್ಲಿ ದೂಡಿಬಿಟ್ಟಿದ್ದ. ಭುಜದ ಎಲುಬು ಮುರಿಯಿತು. "ಹಳಿ ಇಲ್ಲದ ಗಾಡಿ ನಂಬೂದ ಅವತ್ತ ಬಿಟ್ಟೆ" ಎನ್ನುತ್ತಿದ್ದರು. ಸ್ಕೂಟರನ್ನೂ ಕೊಳ್ಳಲಿಲ್ಲ. ಜೀವಮಾನವಿಡೀ ನಡೆದರು, ಇಲ್ಲವೆ ಬಸ್ಸು ಹತ್ತಿದರು.

ಮನೆಯಲ್ಲಿ ಅವರು, ಮಗಳು ಗಿರಿಜಕ್ಕ, ಮೊಮ್ಮಗಳು ಸೃಷ್ಟಿ, ಮೂವರೇ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಿರಿಜಕ್ಕನ ಗಂಡ ಕಾಯಿಲೆಯಲ್ಲಿ ಹೋದಾಗ ಸೃಷ್ಟಿಗೆ ಇನ್ನೂ ಮಾತು ಬಂದಿರಲಿಲ್ಲ. ಗಿರಿಜಕ್ಕ ಒಂದು ಆಸ್ಪತ್ರೆಯಲ್ಲಿ ನರ್ಸ್, ಪಾಳಿಯ ಕೆಲಸ. ಹಾಗಾಗಿ ಮಗುವಿನ ಜಡೆ, ಡಬ್ಬಿ, ಶಾಲೆಯ ಚೀಲ ಎಲ್ಲ ಅಜ್ಜನ ಪಾಲಿಗೆ ಬಂದಿದ್ದವು. ಜಡೆ ಹಾಕುವುದನ್ನು ಅವರು ಗಿರಿಜಕ್ಕನಿಂದಲೇ ಕಲಿತರು. ಗಿರಿಜಕ್ಕ ಚಿಕ್ಕವಳಿದ್ದಾಗ ತಾವು ಯಾವಾಗಲೂ ಗಾಡಿಯ ಮೇಲಿದ್ದೆವೆಂದೂ, ಆಗ ಕಲಿಯಬೇಕಾದದ್ದನ್ನು ಈಗ ಕಲಿಯುತ್ತಿದ್ದೇವೆಂದೂ ಹೇಳಿ ಬಾಚಣಿಗೆ ಹಿಡಿಯುತ್ತಿದ್ದರು. ಜಡೆ ಒಂದು ಮೇಲೆ ಒಂದು ಕೆಳಗೆ ಆಗುತ್ತಿತ್ತು. ಮಗು ಹಾಗೆಯೇ ಶಾಲೆಗೆ ಹೋಗುತ್ತಿತ್ತು.

ಸೃಷ್ಟಿ ಏಳನೆಯ ತಿಂಗಳಿಗೆ ಹುಟ್ಟಿದ ಮಗು. ಏಳು ವರ್ಷ ತುಂಬುತ್ತ ಬಂದಿದ್ದರೂ ಐದರ ಮಕ್ಕಳ ಪಕ್ಕ ನಿಂತರೆ ಸರಿಹೋಗುತ್ತಿದ್ದಳು. ಆರೋಗ್ಯವೇನೋ ಚೆನ್ನಾಗಿತ್ತು, ಮಾತು, ಓದು ಎರಡರಲ್ಲೂ ಚುರುಕು. ಮೈ ಮಾತ್ರ ನಿಧಾನವಾಗಿ ಬರುತ್ತಿತ್ತು. ಆದರೆ ಅವರ ಮುಂದೆ ಆ ಹುಡುಗಿಯನ್ನು ಯಾರೂ ಸಣ್ಣವಳು ಎನ್ನುವಂತಿರಲಿಲ್ಲ.

ಒಮ್ಮೆ ನಾವು ನಾಲ್ವರೂ ಧಾರವಾಡಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲಿನ ಮಾತು. ಕಂಡಕ್ಟರ್ ಗಿರಿಜಕ್ಕನಿಗೆ ಒಂದು, ನನಗೊಂದು ಉಚಿತದ ಚೀಟಿ ಹರಿದುಕೊಟ್ಟು, ಇವರ ಟಿಕೆಟ್ಟನ್ನೂ ಕೊಟ್ಟು ಮುಂದೆ ಹೋದ. ಇವರು ಅವನನ್ನು ಕರೆದರು.

"ಈಕೀದು ಚೀಟಿ ಕೊಡ್ಲಿಲ್ಲ ನೀವು."

"ಸಣ್ಣ ಕೂಸಿಗೆ ಯಾತರ ಚೀಟಿರಿ ಅಜ್ಜಾರ? ಬಿಡ್ರಿ."

"ಆರು ದಾಟಿ ಏಳಕ್ಕ ಬಂದೈತಿ ಆಕೀಗೆ. ಚೀಟಿ ಹರದು ಕೊಡ್ರಿ."

"ಕೊಟ್ಟರೂ ರೊಕ್ಕಿಲ್ಲ, ಕೊಡದಿದ್ರೂ ರೊಕ್ಕಿಲ್ಲ. ಎಲ್ಲಾ ಒಂದರಿ."

"ನನಗ ಒಂದಲ್ಲ" ಎಂದರು.

ಅವರು ಕೂತೇ ಇದ್ದರು, ದನಿ ಏರಿಸಲಿಲ್ಲ, ಕೈ ಮಾತ್ರ ಚಾಚಿಯೇ ಇತ್ತು. ಹಿಂದಿನ ಸೀಟಿನವರು ನಗತೊಡಗಿದರು. ಕೊನೆಗೆ ಕಂಡಕ್ಟರ್ ತಲೆ ಕೆರೆದುಕೊಂಡು ಮತ್ತೊಂದು ಚೀಟಿ ಕೊಟ್ಟ. ಇವರು ಅದನ್ನು ಸೃಷ್ಟಿಯ ಕೈಗೆ ಕೊಟ್ಟು, ಗಟ್ಟಿ ಹಿಡಿದುಕೋ, ತಪಾಸಣೆಗೆ ಬಂದರೆ ನೀನೇ ತೋರಿಸಬೇಕು ಎಂದರು. ಗಿರಿಜಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೆ ನಗುವೂ ಬರುತ್ತಿರಲಿಲ್ಲ.

ಈ ಹಟದ ಬೇರು ಎಲ್ಲಿದೆಯೆಂದು ಅವರೇ ಒಮ್ಮೆ ಹೇಳಿದರು. ಕರೆಂಟು ಹೋದ ಒಂದು ಸಂಜೆ ಮೆಟ್ಟಿಲ ಮೇಲೆ ಕೂತಿದ್ದೆವು. ಮಗು ಹುಟ್ಟಿದ ದಿನವೂ ಅವರು ಗಾಡಿಯ ಮೇಲಿದ್ದರಂತೆ. ಸುದ್ದಿ ಬಂದು, ಬದಲಿ ಚಾಲಕ ಸಿಕ್ಕು, ಅವರು ಹುಬ್ಬಳ್ಳಿ ಮುಟ್ಟಿ ಆಸ್ಪತ್ರೆಗೆ ಬರುವಷ್ಟರಲ್ಲಿ ಮಗುವನ್ನು ಒಳಗೆ ಒಯ್ದಿದ್ದರು.

"ಗಾಜಿನ ಪೆಟಿಗ್ಯಾಗ ಇಟ್ಟಿದ್ರು. ನನ್ನ ಅಂಗೈಯಷ್ಟ ಇತ್ತರಿ ಕೂಸು. ನೋಡಾಕ ಬಂದ ಮಂದಿದು ಒಂದ ಮಾತು. ಭಾಳ ಸಣ್ಣದೈತಿ, ಭಾಳ ಸಣ್ಣದೈತಿ. ಹಂಗಂದ್ರ ಉಳಿಯೂದಿಲ್ಲ ಅಂತ ಅರ್ಥ. ಅವತ್ತಿಂದ ಆ ಶಬ್ದ ನನಗ ಆಗಿ ಬರೂದಿಲ್ಲ."

ಕರೆಂಟು ಬಂದದ್ದೇ ಎದ್ದು ಒಳಗೆ ಹೋದರು.

ಏಳನೆಯ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದಾಗ ಸೃಷ್ಟಿ ಸೈಕಲ್ಲು ಎಂದಳು. ಓಣಿಯ ಮಕ್ಕಳೆಲ್ಲ ಸಂಜೆ ಸೈಕಲ್ಲಿನ ಮೇಲಿರುತ್ತಿದ್ದರು, ಇವಳು ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದಳು. ಗಿರಿಜಕ್ಕ ಇನ್ನೂ ಒಂದು ವರ್ಷ ಹೋಗಲಿ ಎಂದಳು. ಅವರು ಕೇಳಲಿಲ್ಲ. ಮಗು ಶಾಲೆಗೆ ಹೋಗಿದ್ದಾಗ ಒಬ್ಬರೇ ಪೇಟೆಗೆ ಹೋದರು. ಅಂಗಡಿಯವನು ವಯಸ್ಸೆಷ್ಟು ಎಂದು ಕೇಳಿದ, ಇವರು ಏಳು ಎಂದರು, ಅವನು ಏಳು ವರ್ಷದವರಿಗೆ ಕೊಡುವ ಸೈಕಲ್ಲನ್ನು ಕೊಟ್ಟ. ಅದರಲ್ಲಿ ಅವನದೇನೂ ತಪ್ಪಿಲ್ಲ.

ನೀಲಿ ಬಣ್ಣದ ಚೆಂದದ ಸೈಕಲ್ಲು. ಸೃಷ್ಟಿ ಅದರ ಸುತ್ತ ಓಡಾಡಿದಳು, ಗಂಟೆ ಬಾರಿಸಿದಳು, ಅಜ್ಜನ ಸೊಂಟ ಹಿಡಿದು ಕುಣಿದಳು. ಆಮೇಲೆ ಅದರ ಪಕ್ಕಕ್ಕೆ ಬಂದು ನಿಂತಳು. ಸೀಟು ಅವಳ ಎದೆಗೆ ಬರುತ್ತಿತ್ತು.

"ಅಪ್ಪಾ, ದೊಡ್ಡದಾತಲ್ಲೋ" ಎಂದಳು ಗಿರಿಜಕ್ಕ.

"ಏಳು ವರ್ಷದ ಮಕ್ಕಳಿಗೆ ಇದ ಅಂತ. ಅಂಗಡಿಯಾಂವ ಹೇಳ್ಯಾನ."

ಸೀಟನ್ನು ಪೂರ್ತಿ ಕೆಳಗೆ ಇಳಿಸಿದರು. ಆದರೂ ಕೂತರೆ ಅವಳ ಕಾಲ್ಬೆರಳು ಗಾಳಿಯಲ್ಲೇ ಇರುತ್ತಿದ್ದವು. ದಿನಾ ಸಂಜೆ ಅವರು ಅವಳನ್ನು ಎತ್ತಿ ಕೂಡಿಸುವುದು, ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಹ್ಯಾಂಡಲ್ಲು ಹಿಡಿದು ಓಣಿಯುದ್ದಕ್ಕೂ ನಡೆಯುವುದು. "ಬಿಡಬ್ಯಾಡ ಅಜ್ಜಾ" ಎಂಬ ಅವಳ ದನಿ ಮಹಡಿಯವರೆಗೆ ಕೇಳುತ್ತಿತ್ತು. "ಬಿಡೂದಿಲ್ಲ, ನೀ ತುಳಿ" ಎಂಬ ಇವರ ದನಿಯೂ ಕೇಳುತ್ತಿತ್ತು. ಅವರು ಬಿಡುತ್ತಲೂ ಇರಲಿಲ್ಲ. ಒಂದು ದಿನ ಅವಳು ಚೆನ್ನಾಗಿ ತುಳಿಯುತ್ತಿದ್ದಾಳೆ ಅನ್ನಿಸಿ ಕೈ ತೆಗೆದರು. ಅವಳು ನೆಟ್ಟಗೇ ಹೋದಳು. ಎದುರಿನ ಮನೆಯಿಂದ ಸ್ಕೂಟರೊಂದು ಹೊರಬಂತು. ಸೃಷ್ಟಿ ಬ್ರೇಕು ಹಿಡಿದಳು, ಸೈಕಲ್ಲೂ ನಿಂತಿತು. ನಿಂತ ಸೈಕಲ್ಲಿನ ಮೇಲಿಂದ ಅವಳು ಕಾಲು ಕೆಳಗಿಟ್ಟಳು. ಕೆಳಗೆ ನೆಲ ಸಿಗಲಿಲ್ಲ. ಹಾಗೆಯೇ ಪಕ್ಕಕ್ಕೆ ವಾಲಿ, ಗಟಾರದ ಕಲ್ಲಿಗೆ ಗದ್ದ ಬಡಿದುಕೊಂಡು ಬಿದ್ದಳು.

ಗಿರಿಜಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹೊಲಿಗೆ ಹಾಕಿಸಿದೆವು. ಮನೆಗೆ ಬಂದು ಮಗುವನ್ನು ಮಲಗಿಸಿದ ಮೇಲೆ ಗಿರಿಜಕ್ಕ ಹೊರಗಿನ ಕೋಣೆಗೆ ಬಂದಳು. ನಾನು ಏಳಲು ನೋಡಿದೆ. ಅವಳು ಕೂತಿರು ಎಂದು ಕೈ ಮಾಡಿದಳು.

"ಅಪ್ಪಾ, ಆಕೀನ್ನ ದೊಡ್ಡಾಕಿ ಮಾಡೂ ಅವಸರ ನಿನಗ ಯಾಕ? ಆಕಿ ಎಷ್ಟ ಅದಾಳೋ ಅಷ್ಟ ಇರ್ಲಿ. ಸಣ್ಣಾಕಿ ಅದಾಳ. ಸಣ್ಣಾಕಿ ಇದ್ರ ನಿನಗ ಬ್ಯಾಡಾಗ್ತಾಳೇನು?"

ಅವರ ಬಿಳಿ ಅಂಗಿಯ ತೋಳಿನ ಮೇಲೆ ಮಗುವಿನ ರಕ್ತ ಒಣಗಿತ್ತು.

ಆ ಮೇಲಿನ ದಿನಗಳಲ್ಲಿ ಕೆಳಗಿನ ಮನೆಯಲ್ಲಿ ಮಾತು ನಿಂತುಹೋಯಿತು. ಗಿರಿಜಕ್ಕ ಅಡುಗೆ ಮಾಡಿ ಮುಚ್ಚಿಟ್ಟು ಡ್ಯೂಟಿಗೆ ಹೋಗುವಳು, ಅವರು ಬಡಿಸಿಕೊಂಡು ಒಬ್ಬರೇ ಉಣ್ಣುವರು. ಸೈಕಲ್ಲು ಕಂಪೌಂಡಿನ ಗೋಡೆಗೆ ಒರಗಿ, ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ನಿಂತಿತ್ತು. ಸೃಷ್ಟಿ ಅದರ ಕಡೆ ನೋಡುತ್ತಲೂ ಇರಲಿಲ್ಲ. ಸೈಕಲ್ ಹೊಡೀತೀಯೇನವ್ವಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, ನನಗೆ ಓದುವುದಿದೆ ಎಂದು ಒಳಗೆ ಹೋದಳು.

ಒಂದು ಶನಿವಾರ ಅವರು ಮೆಟ್ಟಿಲು ಹತ್ತಿ ಮೇಲೆ ಬಂದರು. ಸಾಮಾನ್ಯವಾಗಿ ಬರುವವರಲ್ಲ.

"ಅಕ್ಕಾರ, ನನಗ ಸೈಕಲ್ ಕಲಸ್ರಿ."

"ಈಗ್ಯಾಕ್ರಿ ಕಾಕಾ, ಬಿದ್ದುಗಿದ್ದೀರಿ" ಎಂದೆ.

"ಆಕಿ ಯಾಕ ಬಿದ್ಲು ಅಂತ ನನಗ ತಿಳೀವಲ್ದು. ಗಾಡಿ ನಿಂತಿತ್ತು. ನಿಂತ ಗಾಡಿಯಿಂದ ಯಾರರೆ ಬೀಳ್ತಾರೇನ್ರಿ? ನಾ ಹತ್ತಿ ನೋಡದ ನನಗ ಹೆಂಗ ತಿಳೀಬೇಕು?"

ಮರುದಿನ ಬೆಳಿಗ್ಗೆ ನನ್ನ ಸೈಕಲ್ಲು ಹಿಡಿದು ಬಡಾವಣೆಯ ಹಿಂದಿನ ಬಯಲಿಗೆ ಹೋದೆವು. ಅವರು ಕ್ಯಾನ್ವಾಸ್ ಬೂಟು ಹಾಕಿ, ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಂಡು ಬಂದಿದ್ದರು. ನಾನು ಉದ್ದ, ಅವರು ಗಿಡ್ಡ. ಸೀಟು ನನ್ನ ಅಳತೆಗಿತ್ತು. ಇಳಿಸುತ್ತೇನೆ ಎಂದರೆ ಮೊದಲು ಹೀಗೇ ನೋಡುವೆ ಎಂದರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಅವರು ಕಷ್ಟಪಟ್ಟು ಹತ್ತಿದರು. ಒಂದು ಕಾಲಿನ ಬೂಟಿನ ತುದಿ ಮಣ್ಣಿಗೆ ತಾಗಿಯೂ ತಾಗದ ಹಾಗಿತ್ತು. ಆ ತುದಿಯಿಂದಲೇ ನೆಲವನ್ನು ತಡಕುತ್ತಿದ್ದರು. ಸೈಕಲ್ಲು ಇತ್ತ ಅತ್ತ ತುಯ್ದಾಡಿತು. ಹ್ಯಾಂಡಲ್ಲಿನ ಮೇಲೆ ಅವರ ಬೆರಳುಗಳು ಬಿಳುಚಿಕೊಂಡವು.

"ಬಿಡಬ್ಯಾಡ್ರಿ" ಎಂದರು.

ಅಂದದ್ದೇ ತಡ, ಅವರು ಸ್ತಬ್ಧರಾದರು. ತಮ್ಮ ಬಾಯಿಂದ ಬಂದ ಮಾತನ್ನು ತಾವೇ ಕೇಳಿಸಿಕೊಂಡವರಂತೆ ನನ್ನ ಮುಖ ನೋಡಿದರು.

"ಇಳಸ್ರಿ ನನ್ನ."

ಇಳಿಸಿದೆ. ಅಲ್ಲಿದ್ದ ಒಂದು ಕಲ್ಲಿನ ಮೇಲೆ ಕೂತು ಮುಖ ಒರೆಸಿಕೊಂಡರು. ಬೆವರೆಂದು ತಿಳಿದಿದ್ದೆ. ಆಮೇಲೆ ನೋಡಿದರೆ ಬೆವರೊಂದೇ ಅಲ್ಲ.

"ಒಂದು ದಿನಾನೂ ಆಕಿ ಅಂಜಿಕಿ ಬರ್ತೈತಿ ಅನಲಿಲ್ಲರಿ. ಬಿಡಬ್ಯಾಡ ಅಜ್ಜಾ ಅಂತಿದ್ಲು, ಅಷ್ಟ. ನಾ ಅದನ್ನ ಲಾಡ, ಮುದ್ದಿನ ಮಾತು ಅಂತ ತಿಳಕೊಂಡೆ. ನನಗ ಬ್ಯಾಸರ ಆಗಬಾರ್ದು ಅಂತ ಹತ್ತತಿದ್ಲರಿ ಕೂಸು, ದಿನಾ."

ಸ್ವಲ್ಪ ಹೊತ್ತಿನ ಮೇಲೆ ನಾನು ಸೀಟನ್ನು ಪೂರ್ತಿ ಇಳಿಸಿದೆ. ಮತ್ತೆ ಕೂತರು. ಈ ಸಲ ಎರಡೂ ಹಿಮ್ಮಡಿ ಮಣ್ಣಿನ ಮೇಲೆ ಊರಿದವು. ಅವರ ಭುಜ ಇಳಿದದ್ದು ನನಗೆ ಕಂಡಿತು. ಕಾಲಿನಿಂದ ನೆಲವನ್ನು ನೂಕುತ್ತ, ಪೆಡಲ್ಲಿನ ಗೊಡವೆಗೇ ಹೋಗದೆ, ಕುಂಟಾಟದವರ ಹಾಗೆ ಬಯಲಿನ ಆ ತುದಿಯವರೆಗೆ ಹೋದರು. ತಿರುಗಿ ಬರುವಾಗ ಎರಡೂ ಕಾಲನ್ನು ಒಂದು ಕ್ಷಣ ಎತ್ತಿ ನೋಡಿದರು. ನಾನು ಅವರನ್ನು ಅಷ್ಟು ಜೋರಾಗಿ ನಗುತ್ತ ನೋಡಿದ್ದು ಅದೇ ಮೊದಲು. ಅವರು ಸೈಕಲ್ಲು ಕಲಿತರು ಎಂದು ನಾನು ಹೇಳಲಾರೆ. ಕಲಿಯುವುದು ಅವರಿಗೆ ಬೇಕಾಗಿಯೂ ಇರಲಿಲ್ಲ.

ಆ ಸಂಜೆ ಗಿರಿಜಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಮೊಸರು ಕೇಳಲು ಹೋಗಿ ಅಲ್ಲೇ ನಿಂತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದರು.

"ನಾಳಿ ನಿನಗ ಡ್ಯೂಟಿ ಯಾವಾಗ?"

"ಮಧ್ಯಾಹ್ನ."

"ಕೂಸಿನ್ನ ಕರಕೊಂಡು ಮುಂಜಾನಿ ಪ್ಯಾಟಿಗೆ ಹೋಗೂಣು. ಆ ಸೈಕಲ್ ಬದಲಿ ಮಾಡಬೇಕು. ಈ ಸಲ ನೀ ನೋಡು. ನನಗ ತಿಳಿಯೂದಿಲ್ಲ."

ಗಿರಿಜಕ್ಕನ ಕೈ ನಿಂತಿತು. "ನನಗೂ ಸೈಕಲ್ ತಿಳಿಯೂದಿಲ್ಲಪ್ಪಾ."

"ನಿನಗ ಕೂಸು ತಿಳೀತೈತಿ" ಎಂದರು.

ಅವಳು ತಲೆ ಎತ್ತಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಹೊರಳಿಸಿ, ಬಿಸಿಬಿಸಿಯಾದದ್ದನ್ನು ತಾಟಿಗೆ ಹಾಕಿ ಅಪ್ಪನ ಕೈಗೆ ಕೊಟ್ಟಳು. ಬಹಳ ದಿನಗಳ ಮೇಲೆ ಅವರು ಅಡುಗೆಮನೆಯಲ್ಲಿ ಕೂತು ಉಂಡರು.

ಮರುದಿನ ಸೋಮವಾರವಾದರೂ ಶಾಲೆಗೆ ಹಬ್ಬದ ರಜೆಯಿದ್ದುದರಿಂದ ನನ್ನನ್ನೂ ಕರೆದುಕೊಂಡು ಹೋದರು. ಸೃಷ್ಟಿ ಅಂಗಡಿಯ ಹೊಸ್ತಿಲಲ್ಲೇ ಅಮ್ಮನ ಸೆರಗು ಹಿಡಿದು ನಿಂತಳು. ಗದ್ದದ ಗಾಯ ಇನ್ನೂ ಕೆಂಪಾಗಿತ್ತು. ಅಂಗಡಿಯವನು ಮಗುವಿಗೆ ವಯಸ್ಸೆಷ್ಟೆಂದು ಕೇಳಿದ.

"ವಯಸ್ಸು ಆಮ್ಯಾಲ ಕೇಳ್ರಿ. ಮೊದಲ ಆಕೀನ್ನ ಕುಂದರಸ್ರಿ" ಎಂದರು ಇವರು.

ಒಂದರ ಮೇಲೆ ಕೂಡಿಸಿದ. ಬೆರಳ ತುದಿಯಷ್ಟೇ ತಾಗುತ್ತಿತ್ತು, ಗಿರಿಜಕ್ಕ ಬೇಡವೆಂದಳು. ಇನ್ನೊಂದರಲ್ಲಿ ಕಾಲು ಮುಟ್ಟಿತು, ಆದರೆ ಬ್ರೇಕು ಹಿಡಿಯಲು ಅವಳು ಮುಂದಕ್ಕೆ ಬಾಗಬೇಕಾಗಿತ್ತು. ಆಮೇಲೆ ಮೂಲೆಯಲ್ಲಿದ್ದ ಇನ್ನೂ ಚಿಕ್ಕದೊಂದನ್ನು ತಂದ. ಚೌಕಟ್ಟಿನ ಮೇಲೆ ಬಾತುಕೋಳಿಯ ಚಿತ್ರಗಳಿದ್ದವು. ಸೃಷ್ಟಿ ತಾನಾಗಿಯೇ ಕಾಲು ದಾಟಿಸಿ ಕೂತಳು. ಎರಡೂ ಪಾದ ಪೂರ್ತಿ ನೆಲದ ಮೇಲೆ. ಗಿರಿಜಕ್ಕ ರೋಗಿಯ ನಾಡಿ ನೋಡುವಷ್ಟು ಗಮನದಿಂದ ಮಗಳ ಬೆರಳು ಬ್ರೇಕನ್ನು ಸುಲಭವಾಗಿ ಒತ್ತುತ್ತವೆಯೇ ಎಂದು ನೋಡಿದಳು. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆಯೇ ಎಂದು ತುಳಿಸಿ ನೋಡಿದಳು. ಸರಿಯಿತ್ತು.

"ಅಜ್ಜಾರ, ಇದು ಅಂಗನವಾಡಿ ಮಕ್ಕಳ ಅಳತಿರಿ" ಎಂದ ಅಂಗಡಿಯವನು, ಒಳ್ಳೆಯ ಮನಸ್ಸಿನಿಂದಲೇ. "ವರ್ಷ ತುಂಬೂದ್ರಾಗ ಸಾಲದ ಹೋಗ್ತೈತಿ. ಈಕಿ ಸಾಲಿಗೆ ಹೋಗ್ತಾಳಲ್ಲ?"

ಗಿರಿಜಕ್ಕ ಅಪ್ಪನನ್ನು ನೋಡಿದಳು, ನಾನೂ ನೋಡಿದೆ. ಸೈಕಲ್ಲಿನ ಮೇಲಿದ್ದ ಮಗು ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಿತ್ತು.

"ಹೌದ್ರಿ, ಸಾಲಿಗೆ ಹೋಗ್ತಾಳ. ಎರಡನೇ ಕ್ಲಾಸು. ಛಲೋ ಓದ್ತಾಳ" ಎಂದರು. ಆಮೇಲೆ ಆ ಚಿಕ್ಕ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟರು. "ನನ್ನ ಮೊಮ್ಮಗಳು ಸಣ್ಣಾಕಿ ಅದಾಳ್ರಿ. ಇವತ್ತು ಸಣ್ಣಾಕಿ ಅದಾಳ. ಇವತ್ತಿನ ಅಳತಿ ಸೈಕಲ್ ಕೊಡ್ರಿ."

ಗಿರಿಜಕ್ಕ ತಟ್ಟನೆ ತಿರುಗಿ ಗೋಡೆಗೆ ನೇತುಹಾಕಿದ್ದ ಟೈರುಗಳ ಕಡೆ ನೋಡತೊಡಗಿದಳು. ಸೃಷ್ಟಿ ನೆಲವನ್ನು ಎರಡೂ ಪಾದದಿಂದ ತಟ್ಟುತ್ತ, "ಅಜ್ಜಾ, ನನ್ನ ಕಾಲು ನೆಲಾ ಹತ್ತತಾವ ನೋಡು" ಎಂದಳು. ಬಾತುಕೋಳಿ ತೆಗೆಸಲೇ ಎಂದು ಅವರು ಕೇಳಿದರು. ಇರಲಿ, ಅವು ಏನು ಮಾಡುತ್ತವೆ ಎಂದಳು. ದೊಡ್ಡ ಸೈಕಲ್ಲನ್ನು ಅಂಗಡಿಯವನು ತಕರಾರಿಲ್ಲದೆ ವಾಪಸು ತೆಗೆದುಕೊಂಡ.

ಓಣಿಯ ಮಕ್ಕಳು ಮೊದಲೆರಡು ದಿನ ನಕ್ಕರು, ನಿಜ. ಸೃಷ್ಟಿಗೆ ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಅಜ್ಜ ತಾವು ಬಯಲಿನಲ್ಲಿ ಮಾಡಿದಂತೆಯೇ ಅವಳಿಂದಲೂ ಮಾಡಿಸಿದರು. ಮೊದಲು ಪೆಡಲ್ಲು ತುಳಿಯದೆ, ಕಾಲಿನಿಂದ ನೂಕಿಕೊಂಡು ಹೋಗುವುದು. ಬೇಕೆನಿಸಿದಾಗ ಕಾಲೂರುವುದು. ಅವರು ಸೀಟು ಹಿಡಿಯಲೇ ಇಲ್ಲ. ಬೆನ್ನ ಹಿಂದೆ ಎರಡೂ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಡೆದರು. ಆ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದು ಮಹಡಿಯ ಮೇಲಿದ್ದ ನನಗೆ ಕಾಣುತ್ತಿತ್ತು. ಕಾಲೂರುವ ಅಂತರ ದಿನದಿನಕ್ಕೆ ಹೆಚ್ಚಿತು. ಆಮೇಲೆ ಯಾವಾಗ ಅವಳು ಪೆಡಲ್ಲು ತುಳಿಯತೊಡಗಿದಳೋ ಅಜ್ಜನಿಗೂ ಗೊತ್ತಾಗಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ, ಹೆಚ್ಚು ನರಳದೆ. ಅಂದು ರೈಲ್ವೆಯ ಹಳೆಯ ಗೆಳೆಯರು ಬಹಳ ಮಂದಿ ಬಂದಿದ್ದರು. ಘಟ್ಟದಲ್ಲಿ ಗುಡ್ಡ ಕುಸಿದದ್ದು, ಮಂಜಿನಲ್ಲಿ ಗಾಡಿ ನಿಲ್ಲಿಸಿದ್ದು, ಹೀಗೆ ನನಗೆ ಗೊತ್ತಿಲ್ಲದ ಸಂಗತಿಗಳನ್ನೆಲ್ಲ ಹೇಳಿದರು. ಕೇಳುತ್ತ ಕೂತಿದ್ದೆ. ನನಗೆ ಮಾತ್ರ ಹಿಂದಿನ ಚಳಿಗಾಲದ ಒಂದು ಸಂಜೆ ನೆನಪಾಗುತ್ತಿತ್ತು.

ನಮ್ಮ ಓಣಿ ಮುಂದೆ ಹೋಗಿ ಎಡಕ್ಕೆ ತಿರುಗಿ, ಹಿಂದಿನ ಸಾಲು ಮನೆಗಳನ್ನು ಸುತ್ತಿ, ಇತ್ತ ಕಡೆಯಿಂದ ಮತ್ತೆ ನಮ್ಮ ಗೇಟಿಗೇ ಬರುತ್ತದೆ. ಸೃಷ್ಟಿ ಅಂದಿನವರೆಗೆ ತಿರುವಿನ ತನಕ ಹೋಗಿ ವಾಪಸು ಬರುತ್ತಿದ್ದಳು. ಅಂದು ತಿರುವಿನಲ್ಲಿ ನಿಲ್ಲಲಿಲ್ಲ, ಹಾಗೇ ಹೊರಳಿ ಮರೆಯಾದಳು. ಅವರು ರಸ್ತೆಯ ನಟ್ಟನಡುವೆ ನಿಂತಿದ್ದರು. ಓಡಿ ಹೋಗುತ್ತಾರೆಂದುಕೊಂಡೆ, ಹೋಗಲಿಲ್ಲ. ಕೂಗುತ್ತಾರೆಂದುಕೊಂಡೆ, ಕೂಗಲಿಲ್ಲ. ಗಿರಿಜಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಎಲ್ಲೆಪ್ಪಾ ಆಕಿ?"

"ಹಿಂದಿನ ಓಣ್ಯಾಗ ಹೋಗ್ಯಾಳ."

"ಒಬ್ಬಾಕೀನ?"

"ಒಬ್ಬಾಕೀನ."

ಅವಳು ತಿರುವಿನ ಕಡೆ ಎರಡು ಹೆಜ್ಜೆ ಇಟ್ಟಳು. ಅಪ್ಪನ ಮುಖ ನೋಡಿ ನಿಂತಳು. ಆಮೇಲೆ ಬಂದು ಅವರ ಪಕ್ಕದಲ್ಲಿ ನಿಂತುಕೊಂಡಳು. ಇಬ್ಬರೂ ಮಗು ಹೋದ ದಿಕ್ಕನ್ನೇ ನೋಡುತ್ತಿದ್ದರು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಒಬ್ಬ ತರಕಾರಿ ಗಾಡಿಯವನು ದಾಟಿ ಹೋದ. ಒಂದು ಸುತ್ತಿಗೆ ಇಷ್ಟು ಹೊತ್ತು ಬೇಕೇ ಎಂದು ಮಹಡಿಯ ಮೇಲಿದ್ದ ನನಗೂ ಅನ್ನಿಸತೊಡಗಿತು.

ಅವಳು ಬಂದದ್ದು ಅವರ ಬೆನ್ನ ಹಿಂದಿನಿಂದ. ಮೂಗಿನ ಮೇಲೆ ಬೆವರು, ಜಡೆ ಬಿಚ್ಚಿತ್ತು, ವೇಗ ಚೆನ್ನಾಗಿತ್ತು. ನಿಲ್ಲುವ ಮನಸ್ಸು ಅವಳಿಗಿರಲಿಲ್ಲ.

"ಅಜ್ಜಾ, ಬಾಜೂಕ ಸರಿ" ಎಂದಳು.

ಅವರು ಮಗಳ ತೋಳು ಹಿಡಿದು ಪಕ್ಕಕ್ಕೆ ಸರಿದರು. ಸೃಷ್ಟಿ ಇಬ್ಬರನ್ನೂ ದಾಟಿ ಇನ್ನೊಂದು ಸುತ್ತಿಗೆ ಹೋದಳು.